ಒಣನಾಡಿನ ಬೆಳೆಗೆ ನೀರೆಷ್ಟು? ಲೆಕ್ಕದ ದಾರಿ ಆರಿಸುವ ಮುನ್ನ

ಒಂದು ದಿನವನ್ನು ಎತ್ತಿಕೊಳ್ಳೋಣ. ಮಧ್ಯಾಹ್ನ 40 ಡಿಗ್ರಿ, ಬೆಳಗಿನ ಜಾವ 24. ಮೋಡದ ಸುಳಿವಿಲ್ಲ. ಗಾಳಿಯಲ್ಲಿ ಪಸೆ ಇಲ್ಲ. ಇಬ್ಬನಿ ಕಟ್ಟಬೇಕೆಂದರೆ ಉಷ್ಣಾಂಶ 14 ಡಿಗ್ರಿಗೆ ಇಳಿಯಬೇಕು, ಅಷ್ಟು ಒಣ. ಜಾಗ ಸಮಭಾಜಕದಿಂದ 15-20 ಡಿಗ್ರಿ ಉತ್ತರಕ್ಕೆ, ತಿಂಗಳು ಮೇ.

ಈ ದಿನ ಹಸಿರು ಹೊಲದಿಂದ ಎಷ್ಟು ನೀರು ಆವಿಯಾಗಿ ಹೋಗುತ್ತದೆ? ಬ್ಲೇನಿ-ಕ್ರಿಡಲ್ ಸೂತ್ರ 6.6 ಮಿ.ಮೀ. ಎನ್ನುತ್ತದೆ. ಹಾರ್ಗ್ರೀವ್ಸ್ 7.3 ಎನ್ನುತ್ತದೆ. ಪೆನ್ಮನ್-ಮಾಂಟೀತ್ ಮಾತ್ರ ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತದೆ: ಗಾಳಿ ಎಷ್ಟು ಬೀಸುತ್ತಿತ್ತು? ಸೆಕೆಂಡಿಗೆ 2 ಮೀಟರ್ ಅಂದರೆ 7.6 ಮಿ.ಮೀ., 4 ಮೀಟರ್ ಅಂದರೆ 10.1 ಮಿ.ಮೀ.

ಒಂದೇ ದಿನ, ಒಂದೇ ಬಿಸಿಲು. 6.6ರಿಂದ 10.1ರವರೆಗೆ ಅಂಕಿಗಳು. 1 ಎಕರೆಯಲ್ಲಿ 1 ಮಿ.ಮೀ. ನೀರು ಎಂದರೆ ಸುಮಾರು 4,047 ಲೀಟರ್. ಹೆಕ್ಟೇರಿಗಾದರೆ ಸರಿಯಾಗಿ 10,000 ಲೀಟರ್. ಹಾಗಾಗಿ ಈ 3.5 ಮಿ.ಮೀ. ವ್ಯತ್ಯಾಸ ದಿನಕ್ಕೆ ಎಕರೆಗೆ 14,000 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಅದು ಬೆಳೆ ಉಳಿಯುವ, ಒಣಗುವ ನಡುವಿನ ಅಂತರ.

ಹಾಗಾದರೆ ಯಾವುದು ಸರಿ? ನನ್ನನ್ನು ಕೇಳಿದರೆ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಬೇಕು. ಒಣ ಪ್ರದೇಶದಲ್ಲಿ ಪ್ರತಿ ವಿಧಾನವೂ ಒಂದೊಂದು ಕಡೆ ವಾಲುತ್ತದೆ. ಕೆಲವು ಕಡಿಮೆ ತೋರಿಸುತ್ತವೆ, ಕೆಲವು ಜಾಸ್ತಿ. ಯಾವುದು ಯಾವ ಕಡೆ ವಾಲುತ್ತದೆ, ಯಾಕೆ ವಾಲುತ್ತದೆ ಅಂತ ಗೊತ್ತಿದ್ದರೆ ಬಡ ವಿಧಾನದಿಂದಲೂ ಕೆಲಸ ಆಗುತ್ತದೆ. ಗೊತ್ತಿಲ್ಲದಿದ್ದರೆ ದುಬಾರಿ ಉಪಕರಣವೂ ಸುಮ್ನೆ ಅಲಂಕಾರ.

ಮೊದಲು ಒಂದು ಮಾತು: ಹುಲ್ಲಿನ ಲೆಕ್ಕ

ಸೂತ್ರಗಳು ನೇರವಾಗಿ ನಿಮ್ಮ ಟೊಮೆಟೊಗೋ ಹತ್ತಿಗೋ ನೀರು ಲೆಕ್ಕ ಹಾಕುವುದಿಲ್ಲ. ಮೊದಲು ಒಂದು ಮಾದರಿ ಹುಲ್ಲಿಗೆ ಲೆಕ್ಕ ಹಾಕುತ್ತವೆ: 12 ಸೆಂ.ಮೀ. ಎತ್ತರ, ನೆಲವನ್ನು ಪೂರ್ತಿ ಮುಚ್ಚಿರಬೇಕು, ನೀರಿನ ಕೊರತೆ ಇರಬಾರದು. ಆ ಹುಲ್ಲು ದಿನಕ್ಕೆ ಕಳೆದುಕೊಳ್ಳುವ ನೀರೇ ಅಳತೆಗೋಲು. ಅದನ್ನು ಇಲ್ಲಿ 'ಹುಲ್ಲಿನ ಅಂಕಿ' ಅನ್ನೋಣ. ಆಮೇಲೆ ಅದನ್ನು ಬೆಳೆಯ ಗುಣಾಂಕದಿಂದ ಗುಣಿಸಬೇಕು. ಬಿತ್ತಿದ ಹೊಸತರಲ್ಲಿ ಗುಣಾಂಕ ಕಡಿಮೆ, ಬೆಳೆ ತುಂಬಿ ನಿಂತಾಗ ಜಾಸ್ತಿ, ಮಾಗುವಾಗ ಮತ್ತೆ ಇಳಿಕೆ. ಟೊಮೆಟೊಗೆ ಶುರುವಿನಲ್ಲಿ 0.6, ತುಂಬಿದಾಗ 1.15. ಈರುಳ್ಳಿಗೆ 0.7ರಿಂದ 1.05. ಮೆಕ್ಕೆಜೋಳ ಎದೆಯೆತ್ತರ ಬಂದ ಮೇಲೆ 1.2.

ಒಣ ಪ್ರದೇಶಗಳಲ್ಲಿ ಹುಲ್ಲಿನ ಅಂಕಿ ತಂಪು ದಿನಗಳಲ್ಲಿ 2-4 ಮಿ.ಮೀ., ಸುಡು ಬೇಸಿಗೆಯಲ್ಲಿ 6-9 ಮಿ.ಮೀ. ಸುತ್ತ ಇರುತ್ತದೆ. ನಿಮ್ಮ ಬೇಸಿಗೆಯ ಲೆಕ್ಕದಲ್ಲಿ 3 ಅಥವಾ 15 ಬಂದರೆ ಹೊಲವನ್ನು ಅನುಮಾನಿಸುವ ಮೊದಲು ಕ್ಯಾಲ್ಕುಲೇಟರನ್ನು ಅನುಮಾನಿಸಿ.

ಬ್ಲೇನಿ-ಕ್ರಿಡಲ್: ಬಾಯಿ ಲೆಕ್ಕಕ್ಕೆ ಸಾಕು

ಸರಾಸರಿ ಉಷ್ಣಾಂಶವನ್ನು 0.46ರಿಂದ ಗುಣಿಸಿ, 8 ಕೂಡಿಸಿ, ಬಂದದ್ದನ್ನು ಹಗಲಿನ ಪಾಲಿನಿಂದ ಗುಣಿಸುವುದು. ಹಗಲಿನ ಪಾಲು, ಅಂದರೆ ವರ್ಷದ ಒಟ್ಟು ಹಗಲಿನಲ್ಲಿ ಒಂದು ದಿನದ್ದು ಶೇಕಡಾ ಎಷ್ಟು ಎನ್ನುವುದು, ಅಕ್ಷಾಂಶ, ತಿಂಗಳು ನೋಡಿ ಕೋಷ್ಟಕದಿಂದ ಸಿಗುತ್ತದೆ. ನಮ್ಮ ದಿನಕ್ಕೆ ಅದು 0.29. ಅಷ್ಟೇ ಲೆಕ್ಕ.

ಇದು ಗಾಳಿ ನೋಡುವುದಿಲ್ಲ, ತೇವ ನೋಡುವುದಿಲ್ಲ, ಮೋಡ ನೋಡುವುದಿಲ್ಲ. ಬಿಸಿಲು, ಬಿರುಗಾಳಿ, ಒಣಹವೆ ಮೂರೂ ಸೇರಿದ ಕಡೆ ಇದು ನಿಜಕ್ಕಿಂತ ಶೇ. 60ರಷ್ಟು ಕಡಿಮೆ ತೋರಿಸಬಹುದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತರಬೇತಿ ಕೈಪಿಡಿಯೇ ಎಚ್ಚರಿಸುತ್ತದೆ. ಗಾಳಿ ಮಂದ, ತೇವ, ಮೋಡದ ಕಡೆ ಉಲ್ಟಾ, ಶೇ. 40ರಷ್ಟು ಜಾಸ್ತಿ. ಅಂದರೆ ನಮಗೆ ಎಲ್ಲಿ ಲೆಕ್ಕ ಬಿಗಿಯಾಗಿ ಬೇಕೋ ಅಲ್ಲೇ ಇದು ಕೈಕೊಡುತ್ತದೆ. ತಿಂಗಳ ಲೆಕ್ಕದಲ್ಲಿ ಒಂದು ಅಂದಾಜು ಬೇಕು, ಉಷ್ಣಾಂಶ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದರೆ ಮಾತ್ರ ಬಳಸಿ. ದಿನದಿನದ ನೀರಿಗೆ ಬೇಡ.

ಹಾರ್ಗ್ರೀವ್ಸ್: ಥರ್ಮಾಮೀಟರ್ ಒಂದೇ ಇದ್ದವರಿಗೆ

1985ರಲ್ಲಿ ಹಾರ್ಗ್ರೀವ್ಸ್ ಮತ್ತು ಸಮಾನಿ ಕೊಟ್ಟ ಸೂತ್ರ. ಇದಕ್ಕೂ ಬೇಕಾದದ್ದು ಉಷ್ಣಾಂಶ ಮಾತ್ರ. ಆದರೆ ಇದು ಜಾಣ. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶಗಳ ಅಂತರವನ್ನು ನೋಡುತ್ತದೆ. ಮೋಡ ಇದ್ದರೆ ಹಗಲು ಕಾಯುವುದಿಲ್ಲ, ರಾತ್ರಿ ತಣಿಯುವುದಿಲ್ಲ, ಅಂತರ ಕಡಿಮೆ. ಆಕಾಶ ತಿಳಿಯಾಗಿದ್ದರೆ ಅಂತರ ಜಾಸ್ತಿ. ಹೀಗೆ ಬಿಸಿಲಿನ ಲೆಕ್ಕವನ್ನು ಹಿಂಬಾಗಿಲಿನಿಂದ ತರುತ್ತದೆ.

ಕೈಯಲ್ಲೇ ಮಾಡಿ ನೋಡೋಣ. ಸರಾಸರಿ 32. ಅದಕ್ಕೆ 17.8 ಕೂಡಿಸಿದರೆ 49.8. ಗರಿಷ್ಠ-ಕನಿಷ್ಠಗಳ ಅಂತರ 16, ಅದರ ವರ್ಗಮೂಲ 4. ವಾತಾವರಣದ ಮೇಲ್ತುದಿಗೆ ಬೀಳುವ ಬಿಸಿಲು, ಅದು ಆವಿ ಮಾಡಬಲ್ಲ ನೀರಿನ ಲೆಕ್ಕದಲ್ಲಿ, ಆ ಅಕ್ಷಾಂಶಕ್ಕೆ ಮೇ ತಿಂಗಳಲ್ಲಿ ಸುಮಾರು 16 ಮಿ.ಮೀ. ಎಲ್ಲವನ್ನೂ ಗುಣಿಸಿ, ಮತ್ತೆ 0.0023ರಿಂದ ಗುಣಿಸಿ. 7.3 ಬಂತು. ಆ 16 ಎಂಬ ಅಂಕಿ ಬಿಟ್ಟರೆ ಉಳಿದದ್ದೆಲ್ಲ ಮನೆಯ ಥರ್ಮಾಮೀಟರಿನಿಂದಲೇ ಬಂದದ್ದು. ಆ ಅಂಕಿಯೂ ಅಕ್ಷಾಂಶ ಮತ್ತು ತಾರೀಕಿಗೆ ಕಟ್ಟುಬಿದ್ದದ್ದು, ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಒಮ್ಮೆ ಬರೆದಿಟ್ಟುಕೊಂಡರೆ ಆಯಿತು.

ವಾಲುವುದು ಯಾವ ಕಡೆ? ಗಾಳಿ ಸೆಕೆಂಡಿಗೆ 3 ಮೀಟರ್ ದಾಟಿದ ದಿನ ಕಡಿಮೆ ತೋರಿಸುತ್ತದೆ. ಹವೆ ತೇವವಾಗಿದ್ದ ದಿನ ಜಾಸ್ತಿ ತೋರಿಸುತ್ತದೆ. ಒಂದೊಂದು ದಿನದ ಅಂಕಿಯನ್ನು ನಂಬುವುದಕ್ಕಿಂತ 5-10 ದಿನದ ಸರಾಸರಿ ನಂಬುವುದು ಒಳ್ಳೆಯದು. ಗಾಳಿ ಹೆಚ್ಚಿಲ್ಲದ ಒಣ ಬಯಲಿಗೆ ಇದು ನಿಜವಾಗಿ ಚೆನ್ನಾಗಿ ಹೊಂದುತ್ತದೆ. ನನ್ನ ಮಟ್ಟಿಗೆ, ಅರೆಬರೆ ಅಂಕಿಗಳನ್ನು ಪೆನ್ಮನ್ನಿಗೆ ತುರುಕುವುದಕ್ಕಿಂತ ಒಳ್ಳೆ ಥರ್ಮಾಮೀಟರಿನ ಹಾರ್ಗ್ರೀವ್ಸ್ ವಾಸಿ.

ಪೆನ್ಮನ್-ಮಾಂಟೀತ್: ಎಲ್ಲರೂ ಕೈ ತೋರಿಸುವ ಸೂತ್ರ

1998ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ 56ನೇ ನೀರಾವರಿ ಕೈಪಿಡಿಯಲ್ಲಿ ಇದನ್ನೇ ಪ್ರಮಾಣ ಅಂತ ನಿಲ್ಲಿಸಿತು. ರಿಚರ್ಡ್ ಆಲೆನ್, ಲೂಯಿಸ್ ಪೆರೇರಾ, ಡಿರ್ಕ್ ರಾಸ್, ಮಾರ್ಟಿನ್ ಸ್ಮಿತ್ ಬರೆದ ಕೈಪಿಡಿ ಅದು. ಉಷ್ಣಾಂಶ, ತೇವ, ಗಾಳಿ, ಬಿಸಿಲು ನಾಲ್ಕೂ ಬೇಕು. ಲೆಕ್ಕ ಉದ್ದ, ಆದರೆ ಅದೇ ಸಂಸ್ಥೆಯ ಕ್ರಾಪ್‌ವ್ಯಾಟ್ ಎಂಬ ಉಚಿತ ತಂತ್ರಾಂಶ ಮಾಡಿಕೊಡುತ್ತದೆ. ಹಾಗಾಗಿ ಉದ್ದ ಅನ್ನುವುದು ಈಗ ನೆಪ ಮಾತ್ರ.

ನಿಜವಾದ ತೊಡಕು ಅಂಕಿಗಳಲ್ಲಿದೆ. ಎರಡು ಕಡೆ ಎಡವುತ್ತೇವೆ.

ಒಂದು, ಗಾಳಿ. ಸೂತ್ರಕ್ಕೆ ಬೇಕಾದದ್ದು ನೆಲದಿಂದ 2 ಮೀಟರ್ ಎತ್ತರದ ಗಾಳಿ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ. ಹವಾಮಾನ ಕೇಂದ್ರಗಳು ಸಾಮಾನ್ಯವಾಗಿ ಅಳೆಯುವುದು 10 ಮೀಟರ್ ಎತ್ತರದಲ್ಲಿ, ಮೊಬೈಲು ತೋರಿಸುವುದು ಗಂಟೆಗೆ ಕಿ.ಮೀ.ಯಲ್ಲಿ. ಗಂಟೆಗೆ 14 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 3.9 ಮೀಟರ್. ಅದು 10 ಮೀಟರ್ ಎತ್ತರದ್ದಾದರೆ 0.75ರಿಂದ ಗುಣಿಸಬೇಕು, ಆಗ 2.9. ಇದನ್ನು ಮರೆತು 3.9 ಹಾಕಿದರೆ ದಿನಕ್ಕೆ 1 ಮಿ.ಮೀ.ಗಿಂತ ಜಾಸ್ತಿ ಸುಳ್ಳು ನೀರು ಹುಟ್ಟಿಕೊಳ್ಳುತ್ತದೆ.

ಎರಡನೆಯದು ಹೆಚ್ಚು ಸೂಕ್ಷ್ಮ, ಒಣ ಪ್ರದೇಶಕ್ಕೇ ಅಂಟಿಕೊಂಡದ್ದು. ಮಾದರಿ ಹುಲ್ಲು ಹಸಿರಾಗಿ, ತೇವದಲ್ಲಿ ನಿಂತಿದೆ ಅಂತ ಸೂತ್ರ ನಂಬಿಕೊಂಡಿದೆ. ಅಂಥ ಹುಲ್ಲಿನ ಮೇಲಿನ ಗಾಳಿ ತಂಪಾಗಿರುತ್ತದೆ, ಬೆಳಗಿನ ಜಾವ ಇಬ್ಬನಿ ಕಟ್ಟುವ ಮಟ್ಟಕ್ಕೆ ಹತ್ತಿರ ಬರುತ್ತದೆ. ಆದರೆ ಹವಾಮಾನ ಕೇಂದ್ರ ಎಲ್ಲಿರುತ್ತದೆ? ಎಷ್ಟೋ ಸಲ ಬೋಳು ಮೈದಾನದಲ್ಲಿ, ಕಟ್ಟಡದ ಪಕ್ಕ, ಜಲ್ಲಿ ಹಾಸಿದ ಅಂಗಳದಲ್ಲಿ. ಅಲ್ಲಿನ ಗಾಳಿ ಹೊಲದ ಗಾಳಿಗಿಂತ ಬಿಸಿ, ಹೊಲದ ಗಾಳಿಗಿಂತ ಒಣ. ಆ ಅಂಕಿಗಳನ್ನು ಹಾಗೇ ಹಾಕಿದರೆ ಸೂತ್ರ ಜಾಸ್ತಿ ತೋರಿಸುತ್ತದೆ.

ಪರೀಕ್ಷೆ ಸುಲಭ. ದಿನದ ಕನಿಷ್ಠ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಎಷ್ಟು ಅಂತರ ನೋಡಿ. 2-3 ಡಿಗ್ರಿ ಇದ್ದರೆ ಕೇಂದ್ರ ಹಸಿರಿನ ನಡುವೆ ಇದೆ ಅಂತ ಅರ್ಥ. ಈಗ ನಮ್ಮ ಉದಾಹರಣೆಯ ದಿನಕ್ಕೆ ವಾಪಸ್ಸು ಬನ್ನಿ: ಕನಿಷ್ಠ 24, ಇಬ್ಬನಿ ಬಿಂದು 14. ಅಂತರ 10! ಅಂದರೆ ಮೇಲೆ ನಾನು ಠೀವಿಯಿಂದ ಬರೆದ 10.1 ಕೂಡ ಬೋಳು ನೆಲದ ಅಂಕಿ. ಕೈಪಿಡಿ ಹೇಳುವ ತಿದ್ದುಪಡಿ ಹೀಗೆ: 10ರಲ್ಲಿ 2 ಕಳೆದು ಅರ್ಧ ಮಾಡಿ, 4 ಬರುತ್ತದೆ. ಗರಿಷ್ಠ, ಕನಿಷ್ಠ ಎರಡರಿಂದಲೂ 4 ಇಳಿಸಿ, ಇಬ್ಬನಿ ಬಿಂದುವಿಗೆ 4 ಏರಿಸಿ. 36, 20, 18. ಮತ್ತೆ ಲೆಕ್ಕ ಹಾಕಿದರೆ 2 ಮೀಟರ್ ಗಾಳಿಗೆ 7.6 ಇದ್ದದ್ದು 6.5 ಆಗುತ್ತದೆ, 4 ಮೀಟರ್ ಗಾಳಿಗೆ 10.1 ಇದ್ದದ್ದು 7.9.

ಯಾವುದನ್ನು ತೆಗೆದುಕೊಳ್ಳುವುದು ಅಂತ ಕೇಳುತ್ತೀರಿ ಅಲ್ವಾ? ನಿಮ್ಮ ಹೊಲದ ಸುತ್ತ ಕಣ್ಣು ಹಾಯಿಸಿ. ಹತ್ತಾರು ಎಕರೆ ನೀರಾವರಿ ಹಸಿರಿನ ನಡುವೆ ಇದ್ದೀರಾದರೆ ತಿದ್ದಿದ ಅಂಕಿ ಸರಿ. ಸುತ್ತಲೂ ಒಣಭೂಮಿ, ನಡುವೆ ನಿಮ್ಮ ಅರ್ಧ ಎಕರೆ ತರಕಾರಿ ಅಂದರೆ ತಿದ್ದದ ಅಂಕಿಯೇ ನಿಜಕ್ಕೆ ಹತ್ತಿರ. ಸುತ್ತಲಿನ ಬಿಸಿಗಾಳಿ ಆ ಹಸಿರು ತುಂಡಿನ ಮೇಲೆ ನುಗ್ಗಿ, ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆಯಿಂದ ಎಳೆದ ಹಾಗೆ ನೀರು ಎಳೆಯುತ್ತದೆ. ಅಂಚಿನ ಸಾಲುಗಳು ಯಾವಾಗಲೂ ಮೊದಲು ಬಾಡುವುದು ಇದಕ್ಕೇ.

ಪ್ಯಾನ್: ನೀರನ್ನೇ ನೋಡಿ ನೀರಿನ ಲೆಕ್ಕ

ತೆರೆದ ತಟ್ಟೆಯಲ್ಲಿ ನೀರಿಟ್ಟು ದಿನಕ್ಕೆ ಎಷ್ಟು ಇಳಿಯಿತು ಅಂತ ಅಳೆಯುವುದು. ಎ ದರ್ಜೆಯ ಪ್ಯಾನ್ ಎನ್ನುವುದಕ್ಕೆ ಅಳತೆ ಗೊತ್ತುಮಾಡಿದೆ: ಅಡ್ಡಗಲ 120.7 ಸೆಂ.ಮೀ., ಆಳ 25 ಸೆಂ.ಮೀ., ನೆಲದಿಂದ 15 ಸೆಂ.ಮೀ. ಎತ್ತರದ ಮರದ ಚೌಕಟ್ಟಿನ ಮೇಲೆ ಮಟ್ಟಸವಾಗಿ. ಇದರ ಸೊಗಸು ಏನೆಂದರೆ ಬಿಸಿಲು, ಗಾಳಿ, ತೇವ ಎಲ್ಲದರ ಲೆಕ್ಕವನ್ನೂ ನೀರೇ ಮಾಡಿಬಿಡುತ್ತದೆ.

ಆದರೆ ತಟ್ಟೆಯ ನೀರು ಬೆಳೆಯಲ್ಲ. ತಟ್ಟೆಯ ಪಕ್ಕೆಗಳು ಕಾಯುತ್ತವೆ, ಹಗಲು ಹೀರಿದ ಬಿಸಿಯಿಂದ ರಾತ್ರಿಯೂ ಆವಿ ಏಳುತ್ತದೆ. ಹಾಗಾಗಿ ಬಂದ ಅಂಕಿಯನ್ನು ಪ್ಯಾನ್ ಗುಣಾಂಕದಿಂದ ಗುಣಿಸಿ ಇಳಿಸಬೇಕು. ಎಲ್ಲರೂ 0.7 ಅಂತ ಕಣ್ಣುಮುಚ್ಚಿ ಹಾಕುತ್ತಾರೆ. ಅದು ಸರಾಸರಿ ಮಾತ್ರ, ನಿಜದಲ್ಲಿ 0.35ರಿಂದ 0.85ರವರೆಗೆ ಓಡಾಡುತ್ತದೆ. ಒಣಹವೆ, ಗಾಳಿ ಮಂದ ಇರುವ ದಿನವನ್ನೇ ತೆಗೆದುಕೊಳ್ಳಿ. ಗಾಳಿ ಬರುವ ದಿಕ್ಕಿಗೆ 1 ಕಿ.ಮೀ. ಹಸಿರು ಇದ್ದರೆ ಗುಣಾಂಕ 0.75. ಅದೇ 1 ಕಿ.ಮೀ. ಬೋಳು ನೆಲವಾದರೆ 0.5. ಪ್ಯಾನ್ 12 ಮಿ.ಮೀ. ತೋರಿಸಿದ ದಿನ ಮೊದಲನೆಯದಕ್ಕೆ 9, ಎರಡನೆಯದಕ್ಕೆ 6. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡದವರಿಗೆ ಪ್ಯಾನ್ ಹೇಳಿಸಿದ್ದಲ್ಲ.

ಇನ್ನೊಂದು ವಿಷಯ ನಾನು ಕಲಿತದ್ದು ಪೆಟ್ಟು ತಿಂದು. ಒಂದು ಬೆಳಗ್ಗೆ ಪ್ಯಾನ್ 19 ಮಿ.ಮೀ. ಇಳಿದಿತ್ತು. ಹಿಂದಿನ ದಿನ 10. ರಾತ್ರಿ ಗಾಳಿ ಎದ್ದಿರಬೇಕು ಅಂದುಕೊಂಡು ಆ ದಿನ ಪಂಪು ಹೆಚ್ಚು ಹೊತ್ತು ಓಡಿಸಿದೆ. ಸಂಜೆ ನೋಡಿದರೆ ಚೌಕಟ್ಟಿನ ಸುತ್ತ ಗೊರಸಿನ ಗುರುತು. ಆ ಪ್ಯಾನಿನಲ್ಲಿ 1 ಮಿ.ಮೀ. ಎಂದರೆ ಸುಮಾರು 1.1 ಲೀಟರ್. ಬಾಯಾರಿದ ಹಸು 10 ಲೀಟರ್ ಕುಡಿಯುವುದು ಒಂದು ಲೆಕ್ಕವೇ ಅಲ್ಲ! ಮೇಲೆ ತಂತಿಬಲೆ ಹಾಕಿ. ಬಲೆ ಹಾಕಿದರೆ ಆವಿಯಾಗುವುದೂ ಶೇ. 10ರವರೆಗೆ ಕಡಿಮೆಯಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ದಿನಾ ಅದೇ ಹೊತ್ತಿಗೆ ಹೋಗಿ ನೋಡುವ ಶಿಸ್ತು, ಪಾಚಿ ಕಟ್ಟದಂತೆ ತೊಳೆಯುವ ತಾಳ್ಮೆ ಇದ್ದವರಿಗೆ ಪ್ಯಾನ್ ಒಳ್ಳೆಯದು. ಮಳೆಮಾಪಕವನ್ನೂ ಪಕ್ಕದಲ್ಲೇ ನೆಡಬೇಕು.

ಉಪಗ್ರಹ: ನೋಡುವುದು ಬೇರೆ, ಕೇಳುವುದು ಬೇರೆ

ಬಿಸಿಲಿಗೆ ನಿಂತ ಬೆಳೆ ನೀರು ಬೆವರಿದರೆ ಎಲೆ ತಂಪಾಗಿರುತ್ತದೆ, ಬೆವರದಿದ್ದರೆ ಕಾಯುತ್ತದೆ. ಉಪಗ್ರಹ ಆ ಕಾವನ್ನು ಮೇಲಿನಿಂದ ಅಳೆಯುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ 8 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹಾಯುತ್ತವೆ. ಅವುಗಳ ಕಾವಿನ ಕಣ್ಣಿಗೆ 100 ಮೀಟರ್ ಚೌಕ ಒಂದು ಚುಕ್ಕೆ. ಸೆಂಟಿನೆಲ್-2 ಇನ್ನೂ ಚುರುಕು, 10 ಮೀಟರ್ ಚುಕ್ಕೆ, 5 ದಿನಕ್ಕೊಮ್ಮೆ, ಆದರೆ ಅದಕ್ಕೆ ಕಾವು ಕಾಣುವುದಿಲ್ಲ, ಹಸಿರು ಮಾತ್ರ.

ಇಲ್ಲಿ ಒಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ. ಉಪಗ್ರಹ ಹೇಳುವುದು ಬೆಳೆ ಎಷ್ಟು ನೀರು ಬಳಸಿತು ಅಂತ. ಎಷ್ಟು ಬೇಕಿತ್ತು ಅಂತ ಅಲ್ಲ. ಬಾಯಾರಿದ ಹೊಲ 4 ಮಿ.ಮೀ. ತೋರಿಸಿದರೆ, 4 ಸಾಕು ಅಂತ ಅರ್ಥ ಮಾಡಿಕೊಳ್ಳಬಾರದು. ಒಂದು ಇಡೀ ನಾಲೆ ಪ್ರದೇಶದಲ್ಲಿ ಯಾರಿಗೆ ನೀರು ಮುಟ್ಟುತ್ತಿದೆ, ಯಾರಿಗೆ ಇಲ್ಲ ಅಂತ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಎರಡು ಎಕರೆಯವನು ನಾಳೆ ಪಂಪು ಹಾಕಬೇಕಾ ಬೇಡವಾ ಎನ್ನುವುದಕ್ಕೆ ಇದು ದೂರದ ನೆಂಟ.

ಮಣ್ಣು: ಸೂತ್ರದ ಸುಳ್ಳು ಹಿಡಿಯುವ ಜಾಗ

ಮೇಲಿನವೆಲ್ಲ ಆಕಾಶದ ಕಡೆಯಿಂದ ಲೆಕ್ಕ. ಮಣ್ಣಿನ ಕಡೆಯಿಂದಲೂ ಲೆಕ್ಕ ಹಾಕಬಹುದು, ಹಾಕಲೇಬೇಕು.

ಸುಲಭದ್ದು ಮುಷ್ಟಿ ಪರೀಕ್ಷೆ. ಗುದ್ದಲಿ ಹಿಡಿದು ಬೇರು ಇರುವಷ್ಟು ಆಳಕ್ಕೆ ತೋಡಿ. ಮೇಲಿನ ಎರಡು ಬೆರಳು ಮಣ್ಣು ಒಣಗಿರುವುದು ನೋಡಿ ಹೆದರಬೇಡಿ, ಒಣ ಪ್ರದೇಶದಲ್ಲಿ ಅದು ನೀರು ಕೊಟ್ಟ ಮರುದಿನವೇ ಒಣಗುತ್ತದೆ. ಒಂದು ಗೇಣು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಮರಳು ಮಿಶ್ರ ಮಣ್ಣು ಉಂಡೆಯಾಗಿ, ಅಂಗೈ ಮೇಲೆ ಎತ್ತಿಹಾಕಿದರೂ ಒಡೆಯದಿದ್ದರೆ ಹದ ಇದೆ. ಉಂಡೆ ಕಟ್ಟಿ, ಬೆರಳು ತಾಕಿದ ಕೂಡಲೇ ಉದುರಿದರೆ ನೀರಿನ ಹೊತ್ತು ಹತ್ತಿರ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ಜೇಡಿಮಣ್ಣಾದರೆ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಪಟ್ಟಿ ಎಳೆಯಿರಿ. ಪಟ್ಟಿ ಉದ್ದ ಬಂದರೆ ತೇವ ಇದೆ, ತುಂಡಾದರೆ ಇಲ್ಲ. ಒಂದೆರಡು ಹಂಗಾಮು ಮಾಡಿದರೆ ಕೈಗೆ ಲೆಕ್ಕ ಹತ್ತುತ್ತದೆ.

ಟೆನ್ಸಿಯೋಮೀಟರ್ ಇದನ್ನೇ ಮುಳ್ಳಿನಲ್ಲಿ ತೋರಿಸುತ್ತದೆ. ತುದಿಗೆ ಪಿಂಗಾಣಿ ಬಟ್ಟಲು ಇರುವ ನೀರಿನ ಕೊಳವೆ. ಮಣ್ಣು ಒಣಗಿದ ಹಾಗೆ ನೀರು ಎಳೆಯುತ್ತದೆ, ಮುಳ್ಳು ಏರುತ್ತದೆ. ಸುಮಾರು 80 ಸೆಂಟಿಬಾರ್ ದಾಟಿದರೆ ಗಾಳಿ ನುಗ್ಗಿ ಕೆಲಸ ನಿಲ್ಲುತ್ತದೆ. ಹಾಗಾಗಿ ಹಗುರ ಮಣ್ಣು, ತರಕಾರಿ, ಹನಿ ನೀರಾವರಿಗೆ ಇದು ಹೊಂದುತ್ತದೆ. ಹೆಚ್ಚು ಒಣಗಲು ಬಿಡುವ ಬೆಳೆ, ಜಿಗುಟು ಮಣ್ಣಿಗೆ ಜಿಪ್ಸಮ್ ಬ್ಲಾಕ್ (ಮಣ್ಣಿನಲ್ಲಿ ಹೂತು, ವಿದ್ಯುತ್ ಹರಿಸಿ ತೇವ ಅಳೆಯುವ ಜಿಪ್ಸಮ್ ತುಂಡು) ವಾಸಿ. ಉಪ್ಪು ನೆಲದಲ್ಲಿ ಮಾತ್ರ ಅದರ ಅಂಕಿ ನಂಬುವ ಹಾಗಿಲ್ಲ. ವಿದ್ಯುತ್ ತೇವಮಾಪಕಗಳು ಚುರುಕು, ಆದರೆ ಅವೂ ಉಪ್ಪಿಗೆ ಮೋಸ ಹೋಗುತ್ತವೆ. ಬಿರುಕು ಬಿಡುವ ಮಣ್ಣಿನಲ್ಲಿ ಕಡ್ಡಿಯ ಸುತ್ತ ಗಾಳಿ ಸೇರಿದರೆ ಏನೇನೋ ತೋರಿಸುತ್ತವೆ.

ಮಣ್ಣಿನ ಲೆಕ್ಕವನ್ನೂ ಆಕಾಶದ ಲೆಕ್ಕವನ್ನೂ ಜೋಡಿಸಿದರೆ ಜಮಾ-ಖರ್ಚು ಪುಸ್ತಕ ತಯಾರು. ಮರಳು ಮಿಶ್ರ ಗೋಡುಮಣ್ಣು, ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ನೀರು ಬೆಳೆಗೆ ಸಿಗುವಂತೆ ಹಿಡಿದಿಡುತ್ತದೆ. ಟೊಮೆಟೊ ಬೇರು 70 ಸೆಂ.ಮೀ. ಇಳಿದಿದೆ ಅನ್ನಿ, ಹಾಗಾದರೆ 84 ಮಿ.ಮೀ. ಅದರಲ್ಲಿ ಶೇ. 40ರಷ್ಟನ್ನು ಮಾತ್ರ ಬೆಳೆ ಕಷ್ಟಪಡದೆ ಎಳೆಯುತ್ತದೆ ಅಂತ ಕೋಷ್ಟಕ ಹೇಳುತ್ತದೆ. ಸುಮಾರು 34 ಮಿ.ಮೀ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಶೇ. 40 ಎನ್ನುವುದು ದಿನಕ್ಕೆ 5 ಮಿ.ಮೀ. ಬಳಕೆಗೆ ಹೇಳಿದ್ದು. ಬಳಕೆ ಒಂದೊಂದು ಮಿ.ಮೀ. ಏರಿದಂತೆ ಶೇ. 4 ಇಳಿಸಬೇಕು. ನಮ್ಮ ದಿನದ ಟೊಮೆಟೊ 7.6 ಗುಣಿಸು 1.15, ಅಂದರೆ 8.7 ಮಿ.ಮೀ. ಬಳಸುತ್ತದೆ. ಶೇ. 40 ಇದ್ದದ್ದು ಶೇ. 25 ಆಯಿತು, 34 ಇದ್ದದ್ದು 21 ಆಯಿತು. ನಾಲ್ಕು ದಿನಕ್ಕೊಮ್ಮೆ ಅಂದುಕೊಂಡಿದ್ದ ನೀರು ಎರಡು ದಿನಕ್ಕೊಮ್ಮೆ ಬೇಕು. ಸುಡುಬಿಸಿಲಿನಲ್ಲಿ ಮಣ್ಣಿನಲ್ಲಿ ತೇವ ಇದ್ದರೂ ಎಲೆ ಜೋತುಬೀಳುವುದು ಯಾಕೆ ಅಂತ ಈಗ ಹೊಳೆಯಿತಾ?

ಜಮಾ ಕಡೆ ಮಳೆ ಬರೆಯುವಾಗ ಆಸೆಬುರುಕರಾಗಬೇಡಿ. ಹುಲ್ಲಿನ ಅಂಕಿಯ ಐದನೇ ಒಂದು ಪಾಲಿಗಿಂತ ಕಡಿಮೆ ಬಿದ್ದ ಹನಿ, ನಮ್ಮ ದಿನದ ಲೆಕ್ಕದಲ್ಲಿ 1.5 ಮಿ.ಮೀ., ಬಿದ್ದದ್ದೇ ಅಲ್ಲ. ತಿಂಗಳ ಲೆಕ್ಕಕ್ಕೆ ಒಂದು ಒರಟು ನಿಯಮ ಇದೆ: ತಿಂಗಳ ಮಳೆ 75 ಮಿ.ಮೀ.ಗಿಂತ ಕಡಿಮೆ ಇದ್ದರೆ ಅದರ ಶೇ. 60 ತೆಗೆದು 10 ಕಳೆಯಿರಿ. 30 ಮಿ.ಮೀ. ಮಳೆಯಾದ ತಿಂಗಳಲ್ಲಿ ಬೆಳೆಗೆ ದಕ್ಕುವುದು 8 ಮಾತ್ರ.

ಹೊಲದ ಅಂಕಿಯಿಂದ ಪಂಪಿನ ಅಂಕಿಗೆ

ಸೂತ್ರ ಯಾವುದೇ ಇರಲಿ, ಇಲ್ಲಿ ಆಗುವ ತಪ್ಪು ಅದನ್ನೂ ಮೀರಿಸುತ್ತದೆ.

ಬೆಳೆ ಗುಣಾಂಕದ ಕೋಷ್ಟಕ ಬರೆದದ್ದು ಮಧ್ಯಾಹ್ನದ ತೇವ ಶೇ. 45, ಗಾಳಿ 2 ಮೀಟರ್ ಇರುವ ಜಾಗಕ್ಕೆ. ತೇವ ಶೇ. 22, ಗಾಳಿ 4 ಮೀಟರ್ ಇದ್ದರೆ ಟೊಮೆಟೊದ 1.15 ಏರಿ ಸುಮಾರು 1.25 ಆಗುತ್ತದೆ. ಎತ್ತರದ ಬೆಳೆಗೆ ಇನ್ನೂ ಜಾಸ್ತಿ ಏರಿಸಬೇಕು.

ಆಮೇಲೆ ಸೋರಿಕೆ. ಹರಿಸುವ ನೀರಾವರಿಯಲ್ಲಿ ಕೊಟ್ಟದ್ದರ ಶೇ. 60, ತುಂತುರಿನಲ್ಲಿ ಶೇ. 75, ಹನಿಯಲ್ಲಿ ಶೇ. 90 ಬೇರಿಗೆ ಮುಟ್ಟುತ್ತದೆ ಅಂತ ಸಾಮಾನ್ಯ ಲೆಕ್ಕ. ಎಕರೆ ಟೊಮೆಟೊಗೆ 8.7 ಮಿ.ಮೀ. ಎಂದರೆ ಸುಮಾರು 35,000 ಲೀಟರ್. ಹನಿಯಲ್ಲಿ ಕೊಟ್ಟರೆ ಪಂಪಿನಿಂದ 39,000, ಹರಿಸಿದರೆ 59,000 ಹತ್ತಿರ.

ಒಣನಾಡಿನಲ್ಲಿ ಕೊನೆಯದಾಗಿ ಉಪ್ಪು. ಮಳೆ ತೊಳೆಯದ ನೆಲದಲ್ಲಿ ನೀರಿನ ಜೊತೆ ಬಂದ ಉಪ್ಪು ಅಲ್ಲೇ ಕೂರುತ್ತದೆ. ಅದನ್ನು ಬೇರಿನ ಕೆಳಗೆ ತಳ್ಳಲು ಸ್ವಲ್ಪ ಹೆಚ್ಚು ನೀರು ಬೇಕು. ಎಷ್ಟು? ಬೆಳೆ ಮಣ್ಣಿನಲ್ಲಿ ತಾಳುವ ಉಪ್ಪಿನ ಅಳತೆಯನ್ನು 5ರಿಂದ ಗುಣಿಸಿ, ನೀರಿನ ಉಪ್ಪನ್ನು ಕಳೆಯಿರಿ. ನೀರಿನ ಉಪ್ಪನ್ನು ಅದರಿಂದ ಭಾಗಿಸಿ. ಉಪ್ಪನ್ನು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅಂತ ನೋಡಿ, ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿ. ನೀರು 2 ಡೆಸಿಸೀಮೆನ್ಸ್ ಇದೆ ಅನ್ನಿ. ಟೊಮೆಟೊ ಇಳುವರಿ ಇಳಿಯದೆ 2.5 ತಾಳುತ್ತದೆ. 12.5ರಲ್ಲಿ 2 ಕಳೆದರೆ 10.5. ಕೊಡುವ ನೀರಿನಲ್ಲಿ ಶೇ. 19 ಉಪ್ಪು ತೊಳೆಯಲೇ ಹೋಗಬೇಕು. ಈರುಳ್ಳಿ ತಾಳುವುದು 1.2 ಮಾತ್ರ. ಅದಕ್ಕೆ ಬರುವ ಉತ್ತರ ಶೇ. 50. ಕೊಟ್ಟ ನೀರಿನಲ್ಲಿ ಅರ್ಧ! ಇಂಥ ಕಡೆ ಸೂತ್ರ ನೀರಿನ ಲೆಕ್ಕ ಹೇಳುತ್ತಿಲ್ಲ, ಈರುಳ್ಳಿ ಬೇಡ ಅಂತ ಹೇಳುತ್ತಿದೆ. ಹರಿಸುವ ನೀರಾವರಿಯವರು ಇದನ್ನು ಪ್ರತ್ಯೇಕ ಕೂಡಿಸಬೇಕಿಲ್ಲ. ಅವರ ಇಂಗುವ ನೀರೇ ತೊಳೆಯುವ ಕೆಲಸ ಮಾಡುತ್ತದೆ. ಹನಿಯವರು ಮರೆತರೆ ಕೆಲವು ವರ್ಷದಲ್ಲಿ ಗಿಡದ ಸುತ್ತ ಬಿಳಿ ಉಂಗುರ ಕಾಣುತ್ತದೆ.

ಈಗ ಆರಿಸಿ

ಎಷ್ಟು ಎಕರೆಗೆ ನೀರು ಸಾಕಾಗುತ್ತದೆ, ಎಷ್ಟು ದೊಡ್ಡ ಪಂಪು ಬೇಕು, ಹೊಂಡ ಎಷ್ಟು ಆಳ ಅಂತ ಯೋಚಿಸುತ್ತಿದ್ದೀರಾ? ಹಲವು ವರ್ಷದ ತಿಂಗಳ ಅಂಕಿ ಇಟ್ಟುಕೊಂಡು ಪೆನ್ಮನ್-ಮಾಂಟೀತ್, ಕ್ರಾಪ್‌ವ್ಯಾಟ್. ಸರಾಸರಿ ವರ್ಷಕ್ಕಲ್ಲ, ಅತಿ ಬಿಸಿಲಿನ ತಿಂಗಳಿಗೆ ಲೆಕ್ಕ ಮಾಡಿ. ಇಲ್ಲಿ ಜಾಸ್ತಿ ಕಡೆ ವಾಲಿದರೆ ನಷ್ಟ ಕಡಿಮೆ. ನೀರೇ ಸಾಲದು, ಎಷ್ಟು ಕೊರತೆಗೆ ಎಷ್ಟು ಇಳುವರಿ ಹೋಗುತ್ತದೆ ಅಂತ ತಿಳಿಯಬೇಕಾದರೆ ಆಹಾರ ಮತ್ತು ಕೃಷಿ ಸಂಸ್ಥೆಯದೇ ಆಕ್ವಾಕ್ರಾಪ್ ಎಂಬ ತಂತ್ರಾಂಶ ಇದೆ.

ದಿನದಿನದ ನೀರು ಗೊತ್ತುಮಾಡಬೇಕು, ಹತ್ತಿರದಲ್ಲಿ ನಂಬುವಂಥ ಹವಾಮಾನ ಕೇಂದ್ರ ಇದೆ ಅಂದರೆ ಪೆನ್ಮನ್, ಇಬ್ಬನಿ ಬಿಂದುವಿನ ಪರೀಕ್ಷೆ ಮಾಡಿದ ಮೇಲೆ. ಕೇಂದ್ರ ಇಲ್ಲ, ಗಾಳಿಯೂ ಮಂದ ಅಂದರೆ ಹಾರ್ಗ್ರೀವ್ಸ್. ಗಾಳಿ ಜೋರು, ಕೇಂದ್ರ ಇಲ್ಲ, ಆದರೆ ದಿನಾ ಹೊಲದಲ್ಲೇ ಇರುತ್ತೀರಿ ಅಂದರೆ ಪ್ಯಾನ್.

ನಾನೇ ಮಾಡಬೇಕಾದರೆ ಹಾರ್ಗ್ರೀವ್ಸ್ ಇಟ್ಟುಕೊಳ್ಳುತ್ತೇನೆ, ಮರದ ರೆಂಬೆ ಅಲ್ಲಾಡುವ ದಿನಗಳಿಗೆ ಒಂದಿಷ್ಟು ಕೂಡಿಸುತ್ತೇನೆ. ಎರಡು ಟೆನ್ಸಿಯೋಮೀಟರ್ ನೆಡುತ್ತೇನೆ, ಒಂದು ಬೇರಿನ ನಡುಮಟ್ಟದಲ್ಲಿ, ಇನ್ನೊಂದು ಬೇರಿನ ತುದಿಯ ಆಳದಲ್ಲಿ. ಮೇಲಿನದು ಪ್ರತಿ ನೀರಿಗೂ ಏರಿಳಿಯಬೇಕು, ಅದು ಸಹಜ. ನೋಡಬೇಕಾದದ್ದು ಕೆಳಗಿನದು. ಎರಡು ವಾರ ಅದರ ಮುಳ್ಳು ಸೊನ್ನೆಯ ಹತ್ತಿರವೇ ಕೂತಿದ್ದರೆ ನನ್ನ ಲೆಕ್ಕ ಜಾಸ್ತಿಯಾಗಿದೆ, ಶೇ. 10 ಇಳಿಸುತ್ತೇನೆ. ದಿನೇ ದಿನೇ ಮೇಲಕ್ಕೆ ಹತ್ತುತ್ತಿದ್ದರೆ ಶೇ. 10 ಏರಿಸುತ್ತೇನೆ. ಎರಡು ಸಲ ಹೀಗೆ ತಿದ್ದುವಷ್ಟರಲ್ಲಿ ಆ ಹೊಲದ ಗಾಳಿಗೆ, ಆ ಮಣ್ಣಿಗೆ, ಆ ಬೆಳೆಗೆ ಹೊಂದುವ ಗುಣಾಂಕ ಕೈಗೆ ಬಂದಿರುತ್ತದೆ. ಅದನ್ನು ತಾರೀಕಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಕೋಷ್ಟಕ ಹುಡುಕುವ ಕೆಲಸ ಇರುವುದಿಲ್ಲ.